ಮೂಡ್ ಸ್ಟೆಬಿಲೈಸರ್ ಅಡ್ಡಪರಿಣಾಮ: 'ಸಹಿಸ್ಕೊಳ್ಳಿ' ಅನ್ನೋದು ಚಿಕಿತ್ಸೆಯಲ್ಲ

ಬೈಪೋಲಾರ್ ಕಾಯಿಲೆ ಇರುವವರು ಮಾತ್ರೆಯನ್ನು ಅರ್ಧಕ್ಕೇ ಯಾಕೆ ಬಿಡ್ತಾರೆ ಅಂತ ಕೇಳಿದರೆ ಸಿಗುವ ಉತ್ತರಗಳು ಎಲ್ಲರಿಗೂ ಗೊತ್ತಿರುವಂಥವೇ. ಹಠ, ಮೂಢನಂಬಿಕೆ, 'ವಾಸಿ ಆಯ್ತಲ್ಲ' ಅನ್ನೋ ಭ್ರಮೆ, ಮನೆಯವರ ನಿರ್ಲಕ್ಷ್ಯ. ಇವೆಲ್ಲ ಇಲ್ಲವೇ ಇಲ್ಲ ಅಂತಲ್ಲ. ಆದರೆ ಆರು ವರ್ಷದಿಂದ ಲಿಥಿಯಂ ನುಂಗುತ್ತಿರುವ ನಾನು ಇನ್ನೊಂದು ಕಾರಣವನ್ನು ಮೊದಲು ಹೇಳ್ತೀನಿ. ಆ ಮಾತ್ರೆ ಮೈಗೆ ಕಷ್ಟ ಕೊಡುತ್ತೆ. ಆ ಕಷ್ಟವನ್ನು ಕೂತು ಕೇಳಲು ಯಾರಿಗೂ ಪುರುಸೊತ್ತಿಲ್ಲ.

ನನ್ನೂರು ಸಕಲೇಶಪುರ ತಾಲೂಕಿನ ಆನೇಮಹಲ್. ಕಾಫಿ ತೋಟವೊಂದರಲ್ಲಿ ರೈಟ್ರು ಕೆಲಸ. ಬೆಳಗ್ಗೆ ಆಳುಗಳ ಹಾಜರಿಯನ್ನು ಚೆಕ್‌ರೋಲ್‌ನಲ್ಲಿ ಬರೆಯೋದು, ಸಂಜೆ ಕುಯ್ದ ಹಣ್ಣು ತೂಗಿ ಲೆಕ್ಕ ಹಾಕೋದು, ವಾರಕ್ಕೊಮ್ಮೆ ಬಟವಾಡೆ. ಎಲ್ಲವೂ ಕೈಬರಹದ ಕೆಲಸ. ಲಿಥಿಯಂ ಶುರುವಾದ ಮೂರನೇ ವಾರಕ್ಕೆ ನನ್ನ ಕೈ ಸಣ್ಣಗೆ ನಡುಗಲು ಶುರುವಾಯ್ತು. ನಾನು ಬರೆದ 3 ಮತ್ತು 8 ಒಂದೇ ಥರ ಕಾಣ್ತಿದ್ದವು. ಹಣ್ಣು ಕುಯ್ಯುವ ಹೆಂಗಸೊಬ್ಬರು, ತಮ್ಮ 38 ಕೆ.ಜಿ. 33 ಆಗಿಬಿಟ್ಟರೆ ಕೂಲಿ ಹೋಗುತ್ತಲ್ಲ ಅನ್ನೋ ಆತಂಕದಲ್ಲೇ, "ಏನ್ ರೈಟ್ರೆ, ರಾತ್ರಿ ಜಾಸ್ತಿ ಆಗಿತ್ತಾ?" ಅಂದರು. ಮನೋರೋಗದ ಮಾತ್ರೆ ಅಂತ ಹೇಳೋದಕ್ಕಿಂತ ಕುಡಿದಿದ್ದೆ ಅಂತ ಒಪ್ಪಿಕೊಳ್ಳೋದೇ ಸುಲಭ ಅನ್ನಿಸುವ ಊರಲ್ಲಿ ನಾವಿದ್ದೀವಿ.

ಲಿಥಿಯಂ ಹೊಸ ಔಷಧಿಯಲ್ಲ. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು 1949ರಲ್ಲಿ ಮೇನಿಯಾಗೆ ಇದು ಕೆಲಸ ಮಾಡುತ್ತೆ ಅಂತ ಬರೆದರು. ಬೈಪೋಲಾರ್ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಇಳಿಸುತ್ತೆ ಎನ್ನಲು ಅತಿ ಹೆಚ್ಚು ಪುರಾವೆ ಇರುವ ಔಷಧಿ ಇವತ್ತಿಗೂ ಇದೇ. ಬೆಲೆ ಕಡಿಮೆ, ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ತೊಂದರೆ ಏನಂದ್ರೆ ಕೆಲಸ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ತೀರಾ ಕಿರಿದು. ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. 1.5 ದಾಟಿದರೆ ಅಪಾಯ. ವಯಸ್ಸಾದವರಿಗೆ ಅದಕ್ಕಿಂತ ಕೆಳಗೇ ತೊಂದರೆ ಶುರುವಾಗಬಹುದು.

ಈ ಅಂಕಿ ಮೇಲೆ ಕೆಳಗೆ ಆಗೋದು ಮಾತ್ರೆಯ ಲೆಕ್ಕದಿಂದ ಮಾತ್ರ ಅಲ್ಲ. ಲಿಥಿಯಂ ಒಂದು ಲವಣ, ಅದನ್ನು ಹೊರಹಾಕುವುದು ಕಿಡ್ನಿ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದಾಗ ಕಿಡ್ನಿ ಸೋಡಿಯಂ ಹಿಡಿದಿಟ್ಟುಕೊಳ್ಳುತ್ತೆ, ಅದರ ಜೊತೆಗೆ ಲಿಥಿಯಂ ಕೂಡ ಉಳಿದುಬಿಡುತ್ತೆ. ಅಂದರೆ ನುಂಗಿದ್ದು ಅಷ್ಟೇ ಮಾತ್ರೆ, ರಕ್ತದಲ್ಲಿ ಏರಿದ್ದು ಜಾಸ್ತಿ. ಇದನ್ನು ನಮ್ಮ ಕಡೆಯ ಬದುಕಿಗೆ ಇಟ್ಟು ನೋಡಿ. ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಸ್ಪ್ರಿಂಕ್ಲರ್ ಪೈಪ್ ಹೊತ್ತು ಬೆವರು ಹರಿಸುವವರು, ಮಳೆಗಾಲದಲ್ಲಿ ವಾಂತಿ-ಭೇದಿ ಹಿಡಿದವರು, ಬಿಪಿ ಅಂತ ದಿಢೀರನೆ ಉಪ್ಪು ಬಿಟ್ಟವರು, ನಾಟಿ ಔಷಧಿಗೆ 'ಉಪ್ಪು-ಖಾರ ಇಲ್ಲದ ಪಥ್ಯ' ಹಿಡಿದವರು, ಇವರೆಲ್ಲರಿಗೂ ಮಾಮೂಲಿ ಡೋಸೇ ಹೆಚ್ಚಾಗಬಹುದು. ಪಥ್ಯ ಮಾಡಬೇಡಿ ಅಂತಲ್ಲ, ಲಿಥಿಯಂ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಉಪ್ಪು ಕಡಿಮೆ ಮಾಡಬಾರದು ಅಂತ. ವಾಂತಿ-ಭೇದಿ ಆದರೆ 'ನಾಳೆ ನೋಡೋಣ' ಅನ್ನದೆ ಅವತ್ತೇ ಫೋನ್ ಮಾಡಿ ಕೇಳಬೇಕು. ಸರಿಹೋಗುವವರೆಗೆ ಡೋಸ್ ನಿಲ್ಲಿಸಿ ಅಂತ ಡಾಕ್ಟರ್ ಹೇಳಬಹುದು.

ಎಲ್ಲಕ್ಕಿಂತ ಸದ್ದಿಲ್ಲದ ಅಪಾಯ ನೋವಿನ ಮಾತ್ರೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರೋಕ್ಸೆನ್ ಜಾತಿಯವು ಲಿಥಿಯಂ ಮಟ್ಟವನ್ನು ಏರಿಸುತ್ತವೆ. ತೋಟದ ಕೆಲಸ ಅಂದ್ರೆ ಬೆನ್ನುನೋವು, ಬೆನ್ನುನೋವು ಅಂದ್ರೆ ಮೆಡಿಕಲ್ ಶಾಪಲ್ಲಿ ಹೆಸರೂ ಕೇಳದೆ ಕತ್ತರಿಸಿ ಕೊಡುವ ಎರಡು ಮಾತ್ರೆ. ಬೆನ್ನು ಹಿಡಿದುಕೊಂಡು ಒಂದು ಆಸ್ಪತ್ರೆಗೆ ಹೋದಾಗ ನಾನು ಲಿಥಿಯಂ ವಿಷಯ ಹೇಳಿದ ಮೇಲೂ ಚೀಟಿಯಲ್ಲಿ ಡೈಕ್ಲೋಫೆನಾಕ್ ಬಂತು. ಮನೋವೈದ್ಯರಿಗೆ ಫೋನ್ ಮಾಡಿ ಕೇಳಿದ್ದಕ್ಕೆ ತಪ್ಪಿತು. ಮಾಮೂಲಿ ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ನಡೆಯುತ್ತೆ. ಬಿಪಿಗೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್, ಹೈಡ್ರೋಕ್ಲೋರೋಥಯಾಜೈಡ್ ಕೂಡ ಇದೇ ಕೆಲಸ ಮಾಡುತ್ತವೆ. ಹಾಗಂತ ನೀವಾಗಿಯೇ ಬಿಪಿ ಮಾತ್ರೆ ಬಿಡಬೇಡಿ, ಇಬ್ಬರು ಡಾಕ್ಟರಿಗೂ ಎರಡೂ ಚೀಟಿ ತೋರಿಸಿ.

ಇನ್ನು ಕಾಫಿ. ಕಾಫಿ ನಾಡಲ್ಲಿ ಹುಟ್ಟಿದ ತಪ್ಪಿಗೆ ಇದನ್ನೂ ಹೇಳಬೇಕು. ಕೆಫೀನ್ ಕೈನಡುಕ ಹೆಚ್ಚಿಸುತ್ತೆ, ನಿಜ. ಆದರೆ ಅದೇ ಕೆಫೀನ್ ಕಿಡ್ನಿಯಿಂದ ಲಿಥಿಯಂ ಹೊರಹೋಗುವುದನ್ನೂ ಜೋರು ಮಾಡುತ್ತೆ. ದಿನಕ್ಕೆ ಐದಾರು ಲೋಟ ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ ರಕ್ತದಲ್ಲಿ ಲಿಥಿಯಂ ಏರಬಹುದು. ನನ್ನ ಡಾಕ್ಟರ್ ನಾಲ್ಕು ವಾರ ತಗೊಂಡು ಐದು ಲೋಟವನ್ನು ಎರಡಕ್ಕೆ ಇಳಿಸಿ ಅಂದರು. ನಡುಕ ಅರ್ಧ ಇಳಿಯಿತು. ಉಳಿದರ್ಧಕ್ಕೆ ಪ್ರೊಪ್ರನಲಾಲ್ ಎಂಬ ಇನ್ನೊಂದು ಮಾತ್ರೆ. ಉಬ್ಬಸ ಇರುವವರಿಗೆ ಅದು ಆಗದು. ಕೆಲವರಿಗೆ ಡೋಸ್ ಸ್ವಲ್ಪ ಇಳಿಸಿದರೆ, ನಿಧಾನವಾಗಿ ಕರಗುವ ಮಾತ್ರೆಗೆ ಬದಲಾಯಿಸಿದರೆ ಸಾಕಾಗುತ್ತೆ. ಅಂದರೆ ನಡುಕಕ್ಕೆ ದಾರಿ ಒಂದಲ್ಲ, ನಾಲ್ಕಿದೆ. "ಅದು ಇದ್ದದ್ದೇ, ಸಹಿಸ್ಕೊಳ್ಳಿ" ಅನ್ನೋದು ಐದನೆಯದು, ನಮ್ಮಲ್ಲಿ ಹೆಚ್ಚಿನವರಿಗೆ ಸಿಗೋದು ಅದೊಂದೇ.

ಬಾಯಾರಿಕೆ, ಪದೇ ಪದೇ ಮೂತ್ರ ಕೂಡ ಲಿಥಿಯಂ ಜೊತೆಗೇ ಬರುತ್ತೆ. ಮೂತ್ರ ಜಾಸ್ತಿ ಅಂತ ನೀರು ಕಡಿಮೆ ಮಾಡಿದರೆ ಮೇಲೆ ಹೇಳಿದ ಅಪಾಯ. ಬಾಯಾರಿಕೆಗೆ ಸಿಹಿ ಪಾನೀಯ ಕುಡಿದರೆ ತೂಕ ಏರುತ್ತೆ. ತೋಟದಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯವೇ ಇಲ್ಲದ ಕಡೆ ಇಡೀ ದಿನ ನೀರು ಕುಡಿಯದೆ ಇರುವುದು ರೂಢಿ. ಅವರಲ್ಲಿ ಯಾರಾದರೂ ಲಿಥಿಯಂ ಮೇಲಿದ್ದರೆ, ಶೌಚಾಲಯದ ಪ್ರಶ್ನೆ ಅವರ ಮಟ್ಟಿಗೆ ರಕ್ತದ ಪ್ರಶ್ನೆಯೂ ಹೌದು.

ಮೈ ಭಾರ, ಮಂಕು, ಚಳಿ ತಡೆಯದಿರುವುದು ಎಲ್ಲವನ್ನೂ ಮಾತ್ರೆಯ ಲೆಕ್ಕಕ್ಕೆ ಬರೆದು ಸುಮ್ಮನಾಗಬಾರದು. ಲಿಥಿಯಂ ಥೈರಾಯ್ಡನ್ನು ನಿಧಾನ ಮಾಡಬಹುದು. ಅದಕ್ಕೆ ಪರೀಕ್ಷೆಯೂ ಇದೆ, ಔಷಧಿಯೂ ಇದೆ. ಹೀಗಾಗಿ ಥೈರಾಯ್ಡ್, ಕಿಡ್ನಿ, ಕ್ಯಾಲ್ಸಿಯಂ ಪರೀಕ್ಷೆ ಆರು ತಿಂಗಳಿಗೊಮ್ಮೆ, ಲಿಥಿಯಂ ಮಟ್ಟ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ನೋಡಬೇಕು ಅನ್ನೋದು ವಾಡಿಕೆ.

ಇಲ್ಲೇ ಬೆಟ್ಟದ ಊರಿನ ತಕರಾರು ಶುರು. ಲಿಥಿಯಂ ಮಟ್ಟಕ್ಕೆ ರಕ್ತ ಕೊಡಬೇಕಾದ್ದು ಹಿಂದಿನ ಡೋಸ್ ಆದ 12 ಗಂಟೆಗೆ. ರಾತ್ರಿ ಎಂಟೂವರೆಗೆ ನುಂಗಿದರೆ ಬೆಳಗ್ಗೆ ಎಂಟೂವರೆಗೆ ಲ್ಯಾಬಲ್ಲಿ ಇರಬೇಕು. ಇಲ್ಲಿ ನಾನು ವಿಚಾರಿಸಿದ ಲ್ಯಾಬಿನವರು ಸ್ಯಾಂಪಲ್ಲನ್ನು ಹೊರಗೆ ಕಳಿಸ್ತೀವಿ ಅಂದರು. ರಿಪೋರ್ಟ್ ಕೈಗೆ ಬರುವಷ್ಟರಲ್ಲಿ ಆ ಅಂಕಿ ಹಳೇದಾಗಿರುತ್ತೆ. ಹಾಸನ ಸುಮಾರು 40 ಕಿ.ಮೀ. ಹೆದ್ದಾರಿ ಪಕ್ಕದ ನನಗೆ ಬಾಳ್ಳುಪೇಟೆ ದಾಟಿ ಹೋಗುವ ಬಸ್ಸಿದೆ. ಒಳಗಿನ ಹಳ್ಳಿಗಳವರ ಕಥೆ ಬೇರೆ. ಸಕಲೇಶಪುರ, ಆಲೂರು ಕಡೆ ಬೆಳಗ್ಗೆ ಆರಕ್ಕೆ ಒಬ್ಬರೇ ನಡೆದು ಬಸ್ ಹಿಡಿಯೋದು ಅಂದ್ರೆ ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಮೆಸೇಜ್ ನೋಡಿಕೊಂಡು ಹೊರಡೋ ವಿಷಯ. (ಊರಿನ ಹೆಸರಲ್ಲೇ ಆನೆ ಇಟ್ಟುಕೊಂಡವನಿಗೆ ಇದನ್ನು ವಿವರಿಸಬೇಕಾಗಿಲ್ಲ.) ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬರುವವರ ಕೂಲಿ. ಅಗ್ಗದ ಮಾತ್ರೆಯ ಹಿಂದೆ ಇಷ್ಟು ದುಬಾರಿ ಪರೀಕ್ಷೆ ನಿಂತಿದೆ.

ಪರೀಕ್ಷೆ ತಪ್ಪಿದರೆ ಏನಾಗುತ್ತೆ? ಲಿಥಿಯಂ ವಿಷವಾಗುವ ಲಕ್ಷಣಗಳು ಹೀಗಿವೆ: ಸಣ್ಣ ನಡುಕ ದೊಡ್ಡದಾಗುವುದು, ವಾಂತಿ, ಭೇದಿ, ತೂರಾಡುವ ನಡಿಗೆ, ತೊದಲು ಮಾತು, ಮಂಪರು. ಮತ್ತೊಮ್ಮೆ ಓದಿ. ಲೈನ್ ಮನೆ ಸಾಲಿನಲ್ಲಿ, ಸಂತೆ ದಿನ ಸಂಜೆ, ಹೀಗೆ ತೂರಾಡುತ್ತಾ ಬಂದು ಮಲಗಿದವನನ್ನು ಯಾರು ಆಸ್ಪತ್ರೆಗೆ ಎತ್ತಿಕೊಂಡು ಹೋಗ್ತಾರೆ? 'ಬೆಳಗ್ಗೆ ಇಳಿಯುತ್ತೆ ಬಿಡು' ಅಂತಾರೆ. ಆದ್ದರಿಂದ ಮನೆಯಲ್ಲಿ ಒಬ್ಬರಿಗಾದರೂ, ಕೆಲಸದ ಜಾಗದಲ್ಲಿ ನಂಬುವ ಒಬ್ಬರಿಗಾದರೂ ಈ ಪಟ್ಟಿ ಗೊತ್ತಿರಬೇಕು. ಇದು ಕಂಡರೆ ಮುಂದಿನ ಡೋಸ್ ನುಂಗದೆ ನೇರ ತುರ್ತು ಚಿಕಿತ್ಸೆಗೆ ಹೋಗಬೇಕು.

ಲಿಥಿಯಂ ಒಂದೇ ಮೂಡ್ ಸ್ಟೆಬಿಲೈಸರ್ ಅಲ್ಲ. ಲ್ಯಾಮೋಟ್ರಿಜಿನ್, ಕಾರ್ಬಮಜೆಪಿನ್ ತಗೊಳ್ಳುವವರಿಗೆ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಎದ್ದರೆ ಅದು ಅಲರ್ಜಿ ಅಂತ ಮುಲಾಮು ಹಚ್ಚುವ ವಿಷಯವಲ್ಲ, ಅವತ್ತೇ ಡಾಕ್ಟರ್ ನೋಡಬೇಕು. ಲ್ಯಾಮೋಟ್ರಿಜಿನ್ ಕೆಲವು ದಿನ ತಪ್ಪಿದರೆ ಹಳೇ ಡೋಸಿನಿಂದಲೇ ಮತ್ತೆ ಶುರು ಮಾಡಬಾರದು, ಕೇಳಿ ಕೆಳಗಿನಿಂದ ಏರಿಸಬೇಕು.

ವಾಲ್ಪ್ರೊಯೇಟ್ ಬಗ್ಗೆ ಮಾತ್ರ ನಿಂತು ಹೇಳಬೇಕು. ಕೂದಲು ಉದುರುವುದು, ತೂಕ ಏರುವುದು, ಮುಟ್ಟು ಏರುಪೇರಾಗುವುದು ಕಣ್ಣಿಗೆ ಕಾಣುತ್ತೆ. ಕಾಣದ್ದು ಇನ್ನೂ ದೊಡ್ಡದು. ಗರ್ಭಿಣಿಯಾಗಿದ್ದಾಗ ವಾಲ್ಪ್ರೊಯೇಟ್ ತಗೊಂಡರೆ ಹುಟ್ಟುವ 100 ಮಕ್ಕಳಲ್ಲಿ ಸುಮಾರು 10ಕ್ಕೆ ಹುಟ್ಟಿನಿಂದಲೇ ಗಂಭೀರ ಅಂಗದೋಷ, 30ರಿಂದ 40 ಮಕ್ಕಳಿಗೆ ಬೆಳವಣಿಗೆಯ, ಕಲಿಕೆಯ ತೊಂದರೆ ಬರಬಹುದು. ಬ್ರಿಟನ್ ಇದೇ ಕಾರಣಕ್ಕೆ 2018ರಲ್ಲಿ, ಗರ್ಭ ತಡೆಯುವ ಕಟ್ಟುನಿಟ್ಟಿನ ವ್ಯವಸ್ಥೆ ಇಲ್ಲದೆ ಹೆರುವ ವಯಸ್ಸಿನ ಹೆಂಗಸರಿಗೆ ಇದನ್ನು ಕೊಡಬಾರದು ಅಂತ ನಿಯಮ ಮಾಡಿತು. ನಮ್ಮಲ್ಲಿ? ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳಿಗೆ ಮದುವೆಗೆ ಮುಂಚೆ ಮನೆಯವರು ಹೇಳಿದ್ದು, "ಗಂಡನ ಮನೇಲಿ ಮಾತ್ರೆ ಕಾಣಿಸ್ಬ್ಯಾಡ ಮಗ" ಅಂತ ಮಾತ್ರ. ಯಾವ ಮಾತ್ರೆ, ಬಸಿರಾದರೆ ಏನು ಅಂತ ಯಾರೂ ಹೇಳಿರಲಿಲ್ಲ. ಇದನ್ನು ಓದಿ ಯಾರೂ ರಾತ್ರೋರಾತ್ರಿ ವಾಲ್ಪ್ರೊಯೇಟ್ ಬಿಡಬಾರದು. ಮಗು ಬೇಕು ಅನ್ನಿಸುವ ತಿಂಗಳುಗಳ ಮೊದಲೇ ಡಾಕ್ಟರ್ ಹತ್ತಿರ ಮಾತು ಎತ್ತಬೇಕು, ಬದಲಿ ಔಷಧಿಗಳಿವೆ.

ಬಿಡುವ ವಿಷಯಕ್ಕೆ ಬಂದರೆ, ಲಿಥಿಯಂ ಒಮ್ಮೆಗೇ ನಿಲ್ಲಿಸಿದವರಲ್ಲಿ ಕಾಯಿಲೆ ಮರಳುವ, ಆತ್ಮಹತ್ಯೆಯ ಅಪಾಯ ಏರುತ್ತೆ. ನಿಲ್ಲಿಸಲೇಬೇಕು ಅಂದರೆ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ತಗೊಂಡು ಇಳಿಸಬೇಕು. 'ನನಗೆ ಇದು ಬೇಡ' ಅನ್ನುವ ಹಕ್ಕು ರೋಗಿಗಿದೆ. ಆ ಮಾತನ್ನು ಡಾಕ್ಟರ್ ಎದುರು ಆಡುವ ವಾತಾವರಣ ಇಲ್ಲದಿದ್ದಾಗಲೇ ಜನ ಹೇಳದೆ ಬಿಡೋದು.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಈ ವಾತಾವರಣವನ್ನು ಕಾಗದದ ಮೇಲಾದರೂ ಕೊಟ್ಟಿದೆ. ಅದರ 22ನೇ ಕಲಂ ಪ್ರಕಾರ, ಕೊಡುತ್ತಿರುವ ಚಿಕಿತ್ಸೆ ಮತ್ತು ಅದರ ಗೊತ್ತಿರುವ ಅಡ್ಡಪರಿಣಾಮಗಳ ಮಾಹಿತಿ ರೋಗಿಯ ಹಕ್ಕು, ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ. ಮಾತ್ರೆ ಡಬ್ಬಿಯೊಳಗಿನ ಇರುವೆ ಗಾತ್ರದ ಇಂಗ್ಲಿಷ್ ಚೀಟಿ ಈ ಕಲಂಗೆ ಉತ್ತರವಲ್ಲ. 18ನೇ ಕಲಂ ಪ್ರಕಾರ ಅಗತ್ಯ ಔಷಧಿ ಪಟ್ಟಿಯಲ್ಲಿರುವ ಮನೋರೋಗದ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾಕಾಲ ಉಚಿತವಾಗಿ ಸಿಗಬೇಕು, ಚಿಕಿತ್ಸೆಗಾಗಿ ಜನ ದೂರ ಅಲೆಯುವಂತಿರಬಾರದು. ಆದರೆ ಔಷಧಿ ಉಚಿತ ಎನ್ನುವ ಆ ಸಾಲಿನಲ್ಲಿ ಅದರ ಜೊತೆ ಮಾಡಲೇಬೇಕಾದ ರಕ್ತಪರೀಕ್ಷೆಯ ಮಾತಿಲ್ಲ. ಲಿಥಿಯಂ ಮಟ್ಟಿಗೆ ಪರೀಕ್ಷೆ ಇಲ್ಲದ ಮಾತ್ರೆ ಅಂದ್ರೆ ಬ್ರೇಕ್ ಇಲ್ಲದ ಗಾಡಿಯನ್ನು ಘಾಟಿ ಇಳಿಸಿದ ಹಾಗೆ.

ಬೇಸರ ಇರೋದು ಇಲ್ಲೇ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಕೊಟ್ಟಿದ್ದೇ ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ 'ಮನೋಚೈತನ್ಯ' ಕೂಡ ಕರ್ನಾಟಕದ್ದೇ. ಅದೇ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬೈಪೋಲಾರ್ ಇರುವ ಸುಮಾರು 70% ಜನ ಚಿಕಿತ್ಸೆಯಿಂದ ಹೊರಗಿದ್ದರು. ಒಳಗಿರುವವರೂ ಯಾವಾಗ ಹೊರಗೆ ಜಾರುತ್ತಾರೆ ಅನ್ನೋದು ಮೇಲೆ ಹೇಳಿದ ನಡುಕ, ಬಾಯಾರಿಕೆ, ಬಸ್ ಚಾರ್ಜುಗಳ ಮೇಲೆ ನಿಂತಿದೆ.

ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಉಚಿತ. ಡಾಕ್ಟರ್ ಹತ್ತಿರ ಹೋಗುವಾಗ 'ಸುಸ್ತು' ಅಂತ ಒಂದು ಮಾತಲ್ಲಿ ಮುಗಿಸದೆ ಯಾವ ದಿನ, ಡೋಸ್ ಆದ ಎಷ್ಟು ಹೊತ್ತಿಗೆ, ಯಾವ ಕೆಲಸ ನಿಂತಿತು ಅಂತ ಬರೆದುಕೊಂಡು ಹೋಗಿ. ನಾನು ನಡುಗುವ ಕೈಯಲ್ಲಿ ಬರೆದಿದ್ದ ಚೆಕ್‌ರೋಲ್ ಹಾಳೆಯ ಫೋಟೋ ತೋರಿಸಿದ ದಿನವೇ ನನ್ನ ಡೋಸ್ ಬದಲಾದದ್ದು.

ಇನ್ನು ರಾಜಕೀಯ ಮಾತಾಡುವ ಗೆಳೆಯರಿಗೆ ಒಂದು ಕೆಲಸ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ನಿಮ್ಮ ತಾಲೂಕು ಆಸ್ಪತ್ರೆಗೆ ಕೇಳಿ: ಕಳೆದ 12 ತಿಂಗಳಲ್ಲಿ ಲಿಥಿಯಂ, ವಾಲ್ಪ್ರೊಯೇಟ್ ದಾಸ್ತಾನು ಇಲ್ಲದ ದಿನಗಳೆಷ್ಟು? ಲಿಥಿಯಂ ಮಟ್ಟದ ಪರೀಕ್ಷೆ ಇಲ್ಲಿ ಆಗುತ್ತದೆಯೇ, ಇಲ್ಲದಿದ್ದರೆ ಸ್ಯಾಂಪಲ್ ಎಲ್ಲಿಗೆ ಹೋಗುತ್ತದೆ, ಎಷ್ಟು ದಿನಕ್ಕೆ ಫಲಿತಾಂಶ ಬರುತ್ತದೆ, ಹಣ ಯಾರು ಕೊಡುತ್ತಾರೆ? ಅಡ್ಡಪರಿಣಾಮಗಳ ಬಗ್ಗೆ ಕನ್ನಡದಲ್ಲಿ ಮುದ್ರಿಸಿದ ಹಾಳೆ ರೋಗಿಗಳಿಗೆ ಕೊಡಲಾಗುತ್ತಿದೆಯೇ, ಕೊಡುತ್ತಿದ್ದರೆ ಅದರ ಒಂದು ಪ್ರತಿ ಲಗತ್ತಿಸಿ.