ಮೊದಲೇ ಕೊಡುವ ಮಾತು: ಅಮೆರಿಕದ ಲಾ ಸ್ಕೂಲ್ ಪ್ರವೇಶದ ಒಂದು ಪದ್ಧತಿ



ನಮ್ಮಲ್ಲಿ ಪಿ.ಯು.ಸಿ. ಮುಗಿಸಿದವರು ಐದು ವರ್ಷದ ಕಾನೂನು ತರಗತಿಗೆ ನೇರವಾಗಿ ಸೇರಬಹುದು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಮೊದಲು ಯಾವುದಾದರೂ ವಿಷಯದಲ್ಲಿ, ಸಾಮಾನ್ಯವಾಗಿ ನಾಲ್ಕು ವರ್ಷ ಓದಿ, ಪದವಿ ಪಡೆಯಬೇಕು. ಅನಂತರ ಮೂರು ವರ್ಷದ ಜೆ.ಡಿ. ಎಂಬ ಕಾನೂನು ಪದವಿ. ಇದನ್ನು ಕಲಿಸುವ ಸಂಸ್ಥೆಯೇ ಲಾ ಸ್ಕೂಲ್. ಪ್ರವೇಶ ಬಯಸುವವರಲ್ಲಿ ಹೆಚ್ಚಿನವರು ಎಲ್‌ಸ್ಯಾಟ್ ಎಂಬ ಪರೀಕ್ಷೆ ಬರೆಯುತ್ತಾರೆ. ಅದರ ಅಂಕಗಳು 120ರಿಂದ 180ರವರೆಗೆ. ಏನೂ ಬರೆಯದಿದ್ದರೂ ಸೊನ್ನೆ ಸಿಗುವುದಿಲ್ಲ ಎಂಬುದು ಒಂದು ಸಮಾಧಾನ!

ಸಾಮಾನ್ಯವಾಗಿ ವಿದ್ಯಾರ್ಥಿಗಳು ಹಲವು ಶಾಲೆಗಳಿಗೆ ಅರ್ಜಿ ಹಾಕುತ್ತಾರೆ. ಉತ್ತರಗಳು ಚಳಿಗಾಲದಿಂದ ವಸಂತದವರೆಗೆ ಒಂದೊಂದಾಗಿ ಬರುತ್ತವೆ. ಯಾವ ಶಾಲೆ ಎಷ್ಟು ವಿದ್ಯಾರ್ಥಿವೇತನ ಕೊಡುತ್ತದೆಂದು ಹೋಲಿಸಿ ನೋಡಿ ಅವರು ತೀರ್ಮಾನಿಸುತ್ತಾರೆ. ಎಲ್‌ಸ್ಯಾಟ್ ನಡೆಸುವ ಪ್ರವೇಶ ಮಂಡಳಿಯ ನೀತಿಯ ಪ್ರಕಾರ, ಏಪ್ರಿಲ್ 1ಕ್ಕೆ ಮೊದಲು ಯಾವ ಶಾಲೆಯೂ 'ಬಂದೇ ಬರುತ್ತೇನೆ' ಎಂಬ ಮಾತನ್ನು ವಿದ್ಯಾರ್ಥಿಯಿಂದ ಪಡೆಯಬಾರದು.

ಈ ನೀತಿಗೆ ಮುಖ್ಯವಾದ ಅಪವಾದವೇ 'ಅರ್ಲಿ ಡಿಸಿಷನ್', ಅಂದರೆ ಬದ್ಧತೆಯ ಮುಂಗಡ ಪ್ರವೇಶ. ಇಲ್ಲಿ ವಿದ್ಯಾರ್ಥಿ ಒಂದೇ ಒಂದು ಶಾಲೆಯನ್ನು ಆರಿಸಿ, ಅನೇಕ ಕಡೆ ನವೆಂಬರ್ ಹೊತ್ತಿಗೇ, ಅರ್ಜಿ ಸಲ್ಲಿಸಬೇಕು. 'ನೀವು ಸೀಟು ಕೊಟ್ಟರೆ ಖಂಡಿತ ಸೇರುತ್ತೇನೆ, ಉಳಿದ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಳ್ಳುತ್ತೇನೆ' ಎಂದು ಸಹಿ ಹಾಕಬೇಕು. ಉತ್ತರವೂ ಬೇಗ, ಹಲವು ಕಡೆ ಡಿಸೆಂಬರ್ ಮುಗಿಯುವುದರೊಳಗೆ, ಬರುತ್ತದೆ. ಕೊಲಂಬಿಯಾ, ಶಿಕಾಗೋ, ವರ್ಜೀನಿಯಾ ವಿಶ್ವವಿದ್ಯಾಲಯಗಳ ಲಾ ಸ್ಕೂಲ್‌ಗಳು ಈ ಪದ್ಧತಿಯನ್ನು ಬಳಸಿದವುಗಳಲ್ಲಿ ಸೇರಿವೆ. ಯೇಲ್ ಮತ್ತು ಸ್ಟ್ಯಾನ್‌ಫರ್ಡ್ ಇದರ ಗೋಜಿಗೆ ಹೋಗಿಲ್ಲ.

ಗಮನಿಸಿ, ತಾಂಬೂಲ ಬದಲಾಯಿಸುವಾಗ ಎರಡೂ ಕಡೆಯವರು ಮಾತು ಕೊಡುತ್ತಾರೆ. ಇಲ್ಲಿ ಮೊದಲು ಮಾತು ಕೊಡುವವರು ವಿದ್ಯಾರ್ಥಿ ಮಾತ್ರ. ಶಾಲೆ ಒಪ್ಪಬಹುದು, ನಿರಾಕರಿಸಬಹುದು, ಇಲ್ಲವೇ ಅರ್ಜಿಯನ್ನು ಸಾಮಾನ್ಯ ಅರ್ಜಿಗಳ ಸಾಲಿಗೆ ಸೇರಿಸಬಹುದು. ಕೊನೆಯ ಎರಡು ಸಂದರ್ಭಗಳಲ್ಲಿ ವಿದ್ಯಾರ್ಥಿಯ ಬದ್ಧತೆ ಸಾಮಾನ್ಯವಾಗಿ ಕಳಚಿಹೋಗುತ್ತದೆ. ಸೀಟು ಸಿಕ್ಕ ಮೇಲೆ ಮಾತು ತಪ್ಪಿದರೆ ಶಾಲೆ ಆ ಸೀಟನ್ನು ರದ್ದುಮಾಡಬಹುದು, ಇತರ ಶಾಲೆಗಳಿಗೆ ಸುದ್ದಿ ತಿಳಿಸಲೂಬಹುದು. ವಕೀಲರಾಗಲು ಹೊರಟವರಿಗೆ ಇದು ಒಳ್ಳೆಯ ಆರಂಭವಲ್ಲ.

ಶಾಲೆಗೆ ಇದರಿಂದೇನು ಲಾಭ? ಸೀಟು ಪಡೆದವರೆಲ್ಲ ಸೇರುವುದಿಲ್ಲ. ಎಷ್ಟು ಮಂದಿ ಬರುತ್ತಾರೆಂದು ಶಾಲೆ ಅಂದಾಜು ಮಾಡುತ್ತಲೇ ಇರಬೇಕು. ಮುಂಗಡವಾಗಿ ಮಾತು ಕೊಟ್ಟವರ ವಿಷಯದಲ್ಲಿ ಆ ಚಿಂತೆಯಿಲ್ಲ. ಅವರನ್ನು ಸೆಳೆಯಲು ಹಣ ಖರ್ಚು ಮಾಡುವ ಅಗತ್ಯವೂ ಕಡಿಮೆ.

ವಿಷಯದ ತಿರುಳು ಇಲ್ಲಿದೆ. ಒಬ್ಬ ವಿದ್ಯಾರ್ಥಿನಿಗೆ ಮೊದಲ ಆಯ್ಕೆಯ ಶಾಲೆಯ ಬೋಧನಾ ಶುಲ್ಕ ವರ್ಷಕ್ಕೆ 70 ಸಾವಿರ ಡಾಲರ್ ಎಂದುಕೊಳ್ಳಿ; ಹೆಸರಾಂತ ಶಾಲೆಗಳಲ್ಲಿ ಇದೇನೂ ಅತಿಶಯವಲ್ಲ. ಅಷ್ಟೇ ಶುಲ್ಕವಿರುವ ಎರಡನೆಯ ಶಾಲೆಯೊಂದು ಮಾರ್ಚಿಯಲ್ಲಿ ಅರ್ಧ ಶುಲ್ಕ ಬಿಡಬಹುದಿತ್ತು. ಮೂರು ವರ್ಷಕ್ಕೆ ಅದು 1,05,000 ಡಾಲರ್ ಉಳಿತಾಯ. ಆ ಪತ್ರವನ್ನು ಮೊದಲ ಶಾಲೆಗೆ ತೋರಿಸಿ 'ನೀವೂ ಸ್ವಲ್ಪ ಕೊಡಿ' ಎಂದು ಕೇಳಬಹುದಿತ್ತು. ಅಲ್ಲಿ ಹಾಗೆ ಕೇಳುವುದು ರೂಢಿ, ನಾಚಿಕೆಯ ಮಾತಲ್ಲ. ನವೆಂಬರಿನ ಸಹಿಯಿಂದ ಆ ಪತ್ರ ಬರುವ ದಾರಿಯೇ ಮುಚ್ಚಿತು. ಹಣವಿರುವ ಮನೆಯವರಿಗೆ ಈ ಪದ್ಧತಿ ಆತಂಕ ಕಳೆಯುವ ಅನುಕೂಲ. ಸಾಲ ಮಾಡಿ ಓದುವವರಿಗೆ ಇದು ದುಬಾರಿ ಎಂಬುದು ನನ್ನ ಅಭಿಪ್ರಾಯ. ಕೆಲವು ಶಾಲೆಗಳು ಮುಂಗಡ ಅರ್ಜಿಯ ಜೊತೆಗೇ ನಿಗದಿತ ವಿದ್ಯಾರ್ಥಿವೇತನ ಕೊಟ್ಟದ್ದುಂಟು. ಅಲ್ಲಿ ಲೆಕ್ಕ ಬೇರೆಯಾಗುತ್ತದೆ.

ಸಾಲದ ನಿಯಮವೂ ಬಿಗಿಯಾಗಿದೆ. 2025ರ ಜುಲೈಯಲ್ಲಿ ಜಾರಿಗೆ ಬಂದ ಅಮೆರಿಕದ ಕಾಯಿದೆಯ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸರ್ಕಾರಿ ಸಾಲ ಪಡೆಯುವ ಕಾನೂನು ವಿದ್ಯಾರ್ಥಿಗಳಿಗೆ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ಮೇಲಿನ ಶುಲ್ಕಕ್ಕೇ ಇದು ಸಾಲದು; ಊಟ, ಬಾಡಿಗೆಯ ಮಾತು ಆಮೇಲಿನದು.

ಸಹಿ ಹಾಕುವ ಮೊದಲು ನೋಡಬಹುದಾದ ದಾಖಲೆಯೊಂದಿದೆ. ಅಮೆರಿಕದ ವಕೀಲರ ಸಂಘದ ನಿಯಮ 509ರಂತೆ ಮಾನ್ಯತೆ ಪಡೆದ ಪ್ರತಿ ಲಾ ಸ್ಕೂಲ್ ವರ್ಷಕ್ಕೊಮ್ಮೆ ತನ್ನ ವಿವರ ಪ್ರಕಟಿಸಬೇಕು. ಎಷ್ಟು ಮಂದಿಗೆ ಅರ್ಧಕ್ಕಿಂತ ಕಡಿಮೆ ಶುಲ್ಕದ ನೆರವು, ಎಷ್ಟು ಮಂದಿಗೆ ಪೂರ್ತಿ ಶುಲ್ಕದ ನೆರವು ಸಿಕ್ಕಿತು, ಸೇರಿದವರ ಎಲ್‌ಸ್ಯಾಟ್ ಅಂಕಗಳ ನಡುಮಟ್ಟ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ನಿಮ್ಮ ಅಂಕ ಆ ನಡುಮಟ್ಟಕ್ಕಿಂತ ಸಾಕಷ್ಟು ಮೇಲಿದ್ದರೆ ಅವಸರಪಡುವ ಕಾರಣ ಕಡಿಮೆ. ಸಾಮಾನ್ಯ ಅರ್ಜಿಯಲ್ಲೇ ಸೀಟೂ ನೆರವೂ ಸಿಗುವ ಸಂಭವ ಹೆಚ್ಚು.

ಭಾರತದಿಂದ ಹೋಗುವವರಿಗೆ ಅಲ್ಲಿನ ಸರ್ಕಾರಿ ಸಾಲ ಸಿಗುವುದಿಲ್ಲ. ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಪತ್ರವನ್ನು ಶಾಲೆ ಕೊಡಬೇಕಾದರೆ ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣವಿದೆಯೆಂದು ತೋರಿಸಬೇಕು. ಆದ್ದರಿಂದ ಬ್ಯಾಂಕಿನವರೊಡನೆಯೂ ಮನೆಯವರೊಡನೆಯೂ ಆಡಬೇಕಾದ ಮಾತು ಮುಂಗಡ ಅರ್ಜಿಗೆ ಸಹಿ ಹಾಕುವ ಮುಂಚೆಯೇ, ಅಂದರೆ ಅಕ್ಟೋಬರಿನೊಳಗೆ, ಮುಗಿದಿರಬೇಕು.