ಗೋಡೆಯ ಬೂಷ್ಟು ಯಾರ ಪಾಲಿನದು?

ಆಷಾಢದ ಮಳೆ ಹಿಡಿದು ನಾಲ್ಕು ದಿನವಾಯಿತೆಂದರೆ, ಫೋರ್ಟಿನ ಹಳೆಯ ಕಟ್ಟಡಗಳಲ್ಲಿ ಬಾಡಿಗೆಗಿರುವ ನಮ್ಮಂಥವರ ಕಣ್ಣು ಗೋಡೆಯ ಮೇಲೇ ಇರುತ್ತದೆ. ಮೊದಲು ಒಂದು ತೇವದ ಕಲೆ. ವಾರದೊಳಗೆ ಅದರ ಮೇಲೆ ಕಪ್ಪು ಚುಕ್ಕೆಗಳು. ಟ್ರಂಕಿನ ರೇಷ್ಮೆ ಸೀರೆಗೂ ಅದೇ ಮುಗ್ಗಲು ವಾಸನೆ. ಕಳೆದ ಮಳೆಗಾಲದಲ್ಲಿ ನಮ್ಮ ಕಿರಿಯ ಮಗುವಿಗೆ ಹತ್ತಿದ ಕೆಮ್ಮು ರಾತ್ರಿಯೆಲ್ಲ ಬಿಡಲಿಲ್ಲ. ವೈದ್ಯರು ಔಷಧಿ ಬರೆಯುವ ಮೊದಲೇ ಕೇಳಿದರು: “ಮಗು ಮಲಗುವ ಮಂಚ ಯಾವ ಗೋಡೆಗೆ ತಾಗಿದೆ?”

ಬಾಡಿಗೆ ವಸೂಲಿಗೆ ಬಂದ ಗುಮಾಸ್ತನಿಗೆ ಗೋಡೆ ತೋರಿಸಿದೆವು. “ಒಳಗೆ ಬಟ್ಟೆ ಒಣಗಿಸುತ್ತೀರಿ, ಅದಕ್ಕೇ” ಎಂದು ರಸೀತಿ ಹರಿದು ಕೊಟ್ಟು ನಡೆದ. (ನಾವೂ ಗುಮಾಸ್ತರೇ, ಇಂಥ ಉತ್ತರಗಳು ನಮಗೆ ಹೊಸತಲ್ಲ.) ಸಿಟ್ಟು ಬಂದರೂ ಆ ಮಾತನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲ. ಒದ್ದೆ ಬಟ್ಟೆ, ಅಡಿಗೆಯ ಹಬೆ ಇವುಗಳಿಂದಲೂ ಬೂಷ್ಟು ಹಿಡಿಯುತ್ತದೆ. ಅದು ಗಾಳಿಯಾಡದ ಮೂಲೆಯಲ್ಲಿ, ಕಪಾಟಿನ ಹಿಂದೆ ಕಾಣುತ್ತದೆ. ಸೋಪಿನ ನೀರಿನಿಂದ ಒರೆಸಿ, ಕಪಾಟನ್ನು ಗೇಣುದ್ದ ಸರಿಸಿ, ಕಿಟಕಿ ತೆರೆದಿಟ್ಟರೆ ತಗ್ಗುತ್ತದೆ. ಆದರೆ ಮೇಲಿನಿಂದ ತೇವ ಇಳಿದು ಗಾರೆ ಉಬ್ಬಿ ಉದುರುತ್ತಿದ್ದರೆ, ನೀರು ಬಿರುಕಿನಿಂದಲೋ ಒಡೆದ ಕೊಳವೆಯಿಂದಲೋ ಬರುತ್ತಿದೆಯೆಂದೇ ತಿಳಿಯಬೇಕು. ನಮ್ಮದು ಈ ಎರಡನೆಯ ಜಾತಿ. ಅದರ ಮೇಲೆ ಹಿಂದಿನ ವರ್ಷ ಪ್ಲಾಸ್ಟಿಕ್ ಬಣ್ಣ ಬಳಿಸಿದ್ದು ನಮ್ಮ ಶುದ್ಧ ಮೂರ್ಖತನ. ಸುಣ್ಣದ ಗಾರೆಯ ಹಳೆಯ ಗೋಡೆ ತನ್ನ ತೇವವನ್ನು ಹೊರಬಿಡುತ್ತದೆ; ಆ ಬಣ್ಣ ಅದನ್ನು ಒಳಗೇ ಕೂಡಿಹಾಕುತ್ತದೆ.

ಇನ್ನು ಕಾನೂನು. 1947ರ ಮುಂಬಯಿ ಬಾಡಿಗೆ ಕಾಯಿದೆಯಲ್ಲಿದ್ದ ಮಾತೇ, 2000ದ ಮಾರ್ಚ್ 31ರಿಂದ ಜಾರಿಯಲ್ಲಿರುವ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 14ನೆಯ ಕಲಮಿನಲ್ಲಿಯೂ ಇದೆ. ಬೇರೆ ಕರಾರು ಇಲ್ಲದಿದ್ದರೆ, ಮನೆಯನ್ನು ವಾಸಕ್ಕೆ ಯೋಗ್ಯವಾಗಿ ದುರಸ್ತಿಯಲ್ಲಿಡುವುದು ಮಾಲಕನ ಹೊಣೆ. ಕನಿಷ್ಠ 15 ದಿನಗಳ ನೋಟೀಸು ಕೊಟ್ಟರೂ ಅವನು ಅಲಕ್ಷಿಸಿದರೆ, ಬಾಡಿಗೆದಾರನೇ ದುರಸ್ತಿ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಅದು ವರ್ಷದ ಬಾಡಿಗೆಯ ಕಾಲು ಪಾಲನ್ನು ಮೀರಕೂಡದು. ಲೀವ್ ಎಂಡ್ ಲೈಸೆನ್ಸಿನ ಮೇಲೆ ಇರುವವರಿಗಾದರೋ ಕರಾರೇ ಆಧಾರ. ಸಹಿ ಹಾಕುವ ಮೊದಲೇ ದುರಸ್ತಿ ಯಾರದೆಂದು ಬರೆಸಿಕೊಳ್ಳಬೇಕು.

ತೊಡಕಿರುವುದು ಆ ಕಾಲು ಪಾಲಿನಲ್ಲಿ. ಹಿರಿಯರು ಪಗಡಿ ಕೊಟ್ಟು ಹಿಡಿದ ನಮ್ಮ ಖೋಲಿಗೆ ತಿಂಗಳ ಬಾಡಿಗೆ 200 ರೂಪಾಯಿ. ವರ್ಷಕ್ಕೆ 2,400, ಅದರ ಕಾಲು ಪಾಲು 600. ಇಷ್ಟಕ್ಕೆ ಗಾರೆಯವನು ಏಣಿಯನ್ನೂ ಹತ್ತಲಾರ. ಇಷ್ಟೇ ಬಾಡಿಗೆ ಪಡೆಯುವ ಮಾಲಕ ತಾನಾಗಿ ಸಾವಿರಗಟ್ಟಲೆ ಸುರಿದಾನೆಯೇ? ಅವನ ಕಷ್ಟವೂ ಸುಳ್ಳಲ್ಲ. ಹಳೆಯ ಕಟ್ಟಡಗಳು ಹೀಗೆ ಅನಾಥವಾಗುತ್ತಿದ್ದುದರಿಂದಲೇ 1969ರಲ್ಲಿ ಕಾಯಿದೆ ಮಾಡಿ, ಸೆಸ್ ಎತ್ತಿ ದುರಸ್ತಿ ನಡೆಸುವ ಮಂಡಳಿಯನ್ನು ಸ್ಥಾಪಿಸಿದರು. ಈಗ ಅದು ಮ್ಹಾಡಾದ ಅಂಗ. ಸೆಸ್ ಕಟ್ಟಡದ ತೊಲೆ ಕಂಬಗಳಿಗೆ ನೀರಿಳಿದರೆ ಅಲ್ಲಿಗೂ ಅರ್ಜಿ ಹಾಕಲೇಬೇಕು. ಇದೇ ಫೋರ್ಟಿನಲ್ಲಿ 2020ರ ಜುಲೈ 16ರಂದು, ಮಳೆಯ ದಿನಗಳಲ್ಲೇ, ಭಾನುಶಾಲಿ ಕಟ್ಟಡದ ಒಂದು ಭಾಗ ಕುಸಿದು ಹತ್ತು ಮಂದಿ ಸತ್ತುದನ್ನು ಇಲ್ಲಿಯವರು ಮರೆತಿಲ್ಲ.

ನಾವು ಗೋಡೆಯ ಫೋಟೋಗಳಿಗೆ ತಾರೀಖು ಹಾಕಿ, ನೋಟೀಸಿನ ಜೊತೆ ಜಿ.ಪಿ.ಓ.ದಿಂದ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆವು. ಹನ್ನೊಂದನೆಯ ದಿನ ಮಾಲಕನ ಕಡೆಯ ಪ್ಲಂಬರ್ ಬಂದು ಹೊರಗೋಡೆಯ ಕೊಳವೆ ಬದಲಿಸಿದ. ಒಳಗಿನ ಗಾರೆಗೆ ನಾವೂ ಮೇಲಿನ ಮಾಳಿಗೆಯವರೂ ಸೇರಿ ಹಣ ಹಾಕಿದೆವು. ಬಣ್ಣ ಕೆರೆಸಿ ಸುಣ್ಣ ಬಳಿಸಿದ್ದೇವೆ. ಮಂಚವನ್ನು ಮಾತ್ರ ಇನ್ನೂ ಆ ಗೋಡೆಗೆ ತಾಗಿಸಿಲ್ಲ.