ನಾಗರಹೊಳೆಯ ಹಾಡಿಗಳು

ಪೊನ್ನಂಪೇಟೆಯಿಂದ ಶ್ರೀಮಂಗಲದ ಮಾರ್ಗವಾಗಿ ದಕ್ಷಿಣಕ್ಕೆ ಸಾಗಿ ಕುಟ್ಟವನ್ನು ಸೇರಿದ ಪಥಿಕನು ಅಲ್ಲಿಂದ ಪೂರ್ವದ ಕಾಡಿನತ್ತ ತಿರುಗಿದನೆಂದರೆ, ಕಾಫಿಯ ತೋಟಗಳೂ ಅವುಗಳ ಬೇಲಿಗಳೂ ಹಿಂದುಳಿದು, ನಾಣಚ್ಚಿಯ ಅರಣ್ಯದ್ವಾರವು ಎದುರಾಗುತ್ತದೆ. ಕೊಡಗು ಮತ್ತು ಮೈಸೂರು ಜಿಲ್ಲೆಗಳೆರಡರಲ್ಲಿಯೂ ಹರಡಿಕೊಂಡು ಸುಮಾರು 643 ಚದರ ಕಿಲೋಮೀಟರುಗಳಷ್ಟು ವಿಸ್ತಾರವಾಗಿರುವ ನಾಗರಹೊಳೆಯ ಅರಣ್ಯವು ಆರಂಭವಾಗುವುದು ಇಲ್ಲಿಯೇ. ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ ಮೊದಲಾದ ವೃಕ್ಷಗಳ ನಡುವೆ, ವರ್ಷದ ಬಹುಕಾಲ ತೇವವಾರದೆ ಹಸಿ ಹುಲ್ಲಿನಿಂದ ತುಂಬಿರುವ ಹಡ್ಲುಗಳು ಅಲ್ಲಲ್ಲಿ ಬಯಲಾಗಿ ತೆರೆದುಕೊಳ್ಳುತ್ತವೆ. ಆನೆಯೂ ಕಾಟಿಯೂ ಜಿಂಕೆಯ ಹಿಂಡುಗಳೂ ಮೇಯಲು ಬರುವುದು ಈ ಹಡ್ಲುಗಳಿಗೆ, ಅವುಗಳ ಬೆನ್ನು ಹಿಡಿದು ಹುಲಿಯೂ ಕೆನ್ನಾಯಿಯೂ ಬರುವುವು. ಪ್ರವಾಸಿಗರ ಕೈಪಿಡಿಗಳು ಈ ಕಾಡಿನ ವರ್ಣನೆಯನ್ನು ಇಷ್ಟಕ್ಕೇ ನಿಲ್ಲಿಸಿಬಿಡುತ್ತವೆ. ಮನುಷ್ಯರು ವಾಸಿಸತಕ್ಕ ಹಾಡಿಗಳು ಈ ಕಾಡಿನೊಳಗೆ ಇವೆಯೆಂಬುದೂ, ಹುಲಿಯ ಹೆಸರಿನಲ್ಲಿ ಗಡಿ ಗುರುತಿಸುವುದಕ್ಕೆ ಬಹು ಪೂರ್ವದಲ್ಲಿಯೇ ಅವು ಇದ್ದುವೆಂಬುದೂ ಅಲ್ಲಿ ಕಾಣಸಿಗುವುದು ವಿರಳ.

ಈ ಹಾಡಿಗಳಲ್ಲಿ ಇರುವವರು ಜೇನುಕುರುಬರು, ಬೆಟ್ಟಕುರುಬರು, ಯರವರು. ಹೆಜ್ಜೇನಿನ ಋತುವಿನಲ್ಲಿ ಎತ್ತರದ ಮರಗಳನ್ನು ರಾತ್ರಿಯ ವೇಳೆಯಲ್ಲಿ ಏರಿ, ಹೊಗೆಯಿಕ್ಕಿ, ಹಾಡು ಹೇಳುತ್ತ ಹುಳುಗಳನ್ನು ಸಮಾಧಾನಪಡಿಸಿ, ತಟ್ಟಿಯನ್ನು ಪೂರ್ತಿಯಾಗಿ ಕೀಳದೆ ಹುಳುಗಳಿಗಾಗಿ ಒಂದಂಶವನ್ನು ಉಳಿಸಿ ಇಳಿಯುವ ವಿದ್ಯೆಯು ಜೇನುಕುರುಬರದು. ದುಬಾರೆ ಮತ್ತು ಮತ್ತಿಗೋಡಿನ ಆನೆಶಿಬಿರಗಳಲ್ಲಿ ಮಾವುತರಾಗಿಯೂ ಕಾವಾಡಿಗಳಾಗಿಯೂ ದುಡಿಯುವವರಲ್ಲಿ ಬಹುಮಂದಿ ಇದೇ ಕುಲದವರು. ಪ್ರತಿ ಹಾಡಿಗೂ ಯಜಮಾನನಿದ್ದಾನೆ, ದೈವಕಾರ್ಯಗಳಿಗೆ ಗುಡ್ಡನಿದ್ದಾನೆ; ಹಿರಿಯರ ಗೋರಿಗಳಿಗೂ ದೈವದ ಸ್ಥಾನಗಳಿಗೂ ಕಾಡಿನೊಳಗೆ ನಿಶ್ಚಿತವಾದ ನೆಲೆಗಳಿವೆ. ಅವರು ಕಾಡನ್ನು ಬಲ್ಲರೆಂಬುದನ್ನು ಯಾರೂ ಅಲ್ಲಗಳೆದುದಿಲ್ಲ. ಬಲ್ಲವರಿಗೆ ಅದನ್ನು ಕಾಯುವ ಅಧಿಕಾರವೂ ಇರಬೇಕಲ್ಲವೇ ಎಂಬ ಪ್ರಶ್ನೆ ಬಂದಾಗ ಮಾತ್ರ ಎಲ್ಲರೂ ಮೌನವಾಗಿಬಿಡುತ್ತಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ, ಹಾಗೂ 1988ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗುವ ಹೊತ್ತಿಗೆ, ಕಾಡಿನೊಳಗಿನ ವಾಸವೇ ಅಪರಾಧವೆಂಬಂತಾಯಿತು. ಕೈಯಲ್ಲಿ ಯಾವ ದಾಖಲೆಯೂ ಇಲ್ಲದ ಕುಟುಂಬಗಳು ಪರಿಹಾರವಿಲ್ಲದೆ ಹೊರಬಿದ್ದುವು. ಅವುಗಳಲ್ಲಿ ಅನೇಕವು ಕಾಫಿತೋಟಗಳ ಲೈನ್‌ಮನೆಗಳನ್ನು ಸೇರಿ, ಮಾಲೀಕರಿಂದ ಪಡೆದ ಮುಂಗಡದ ಸಾಲಕ್ಕೆ ದುಡಿಮೆಯನ್ನು ಒತ್ತೆಯಿಟ್ಟುವು. ಹೀಗೆ ಚದುರಿಹೋದವರು ಎಷ್ಟು ಮಂದಿಯೆಂಬುದನ್ನು ದಶಕಗಳ ಕಾಲ ಯಾರೂ ಎಣಿಸಲಿಲ್ಲ. ಹುಣಸೂರಿನ ಡೀಡ್ ಎಂಬ ಸೇವಾಸಂಸ್ಥೆಯು ನ್ಯಾಯಾಲಯದ ಬಾಗಿಲನ್ನು ತಟ್ಟಿದುದರ ಫಲವಾಗಿ ಉಚ್ಚ ನ್ಯಾಯಾಲಯವು ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು; 2014ರಲ್ಲಿ ವರದಿಯನ್ನೊಪ್ಪಿಸಿದ ಆ ಸಮಿತಿಯು ನಾಗರಹೊಳೆಯಿಂದ ಸ್ಥಳಾಂತರಗೊಂಡ 3,418 ಕುಟುಂಬಗಳನ್ನು ಗುರುತಿಸಿತು. ಎಣಿಕೆಯೇ ನ್ಯಾಯವಲ್ಲವಾದರೂ, ಇಲ್ಲವೆಂದು ಭಾವಿಸಲ್ಪಟ್ಟಿದ್ದ ಜನರು ಲೆಕ್ಕದ ಪುಸ್ತಕಕ್ಕೆ ಬಂದುದು ಸಾಮಾನ್ಯ ಸಂಗತಿಯಲ್ಲ.

ಮೂರ್ಕಲ್ಲಿನ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಒಲೆಗೆ ಸೌದೆಯನ್ನೂ ಹೊಟ್ಟೆಗೆ ಗೆಣಸನ್ನೂ ತರಲು ಆದಿವಾಸಿಗಳನ್ನು ತಡೆದಿದ್ದ ಅದೇ ಉದ್ಯಾನದೊಳಗಿನ ಮೂರ್ಕಲ್ಲಿನಲ್ಲಿ, 1990ರ ದಶಕದ ಮಧ್ಯಭಾಗದಲ್ಲಿ, ತಾಜ್ ಸಮೂಹಕ್ಕೆ ಸೇರಿದ ಹೋಟೆಲ್ ಸಂಸ್ಥೆಯೊಂದಕ್ಕೆ ವಿಹಾರಧಾಮ ನಡೆಸಲು ಸರ್ಕಾರವು ಗುತ್ತಿಗೆ ಕೊಟ್ಟಿತು. ಹಾಡಿಗಳ ಜನರು ಸಂಘಟಿತರಾಗಿ ರಸ್ತೆಗಿಳಿದರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯ ಹೆಸರಿನಲ್ಲಿ ಉಚ್ಚ ನ್ಯಾಯಾಲಯಕ್ಕೂ ಹೋದರು. ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯನ್ನು ಹೀಗೆ ವಹಿಸಿಕೊಟ್ಟುದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು 1997ರಲ್ಲಿ ತೀರ್ಪು ಹೊರಬಿದ್ದಿತು. ಕಾಡನ್ನು ಉಳಿಸಬೇಕೆಂಬ ಕಾನೂನನ್ನು ಕಾಡಿನೊಳಗೆ ಎತ್ತಿಹಿಡಿದವರು ಯಾರೆಂಬುದನ್ನು, ಆದಿವಾಸಿಗಳಿಂದಲೇ ಕಾಡು ಹಾಳಾಯಿತೆಂದು ಇಂದಿಗೂ ಬರೆಯುವವರು ನೆನೆಯತಕ್ಕದ್ದು. ಮರುವರ್ಷವೇ ಹಾಡಿಗಳ ಜನರು, ವಿಶ್ವಬ್ಯಾಂಕಿನ ನೆರವಿನ ಪರಿಸರಾಭಿವೃದ್ಧಿ ಯೋಜನೆಯು ತಮ್ಮ ಸಮ್ಮತಿಯನ್ನು ಪಡೆಯದೆ ರಚಿತವಾಯಿತೆಂದು ಆ ಬ್ಯಾಂಕಿನ ಪರಿಶೀಲನಾ ಮಂಡಲಿಗೆ ದೂರಿತ್ತರು. ಮಂಡಲಿಯು ತನಿಖೆಗೆ ಶಿಫಾರಸು ಮಾಡಿದರೂ ಬ್ಯಾಂಕಿನ ನಿರ್ದೇಶಕರು ಅದಕ್ಕೆ ಒಪ್ಪಲಿಲ್ಲ.

ಕುಶಾಲನಗರದ ಕಾರ್ಡ್ ಸಂಸ್ಥೆಯೂ ಮೇಲೆ ಹೇಳಿದ ಡೀಡ್ ಸಂಸ್ಥೆಯೂ ಈ ಹೋರಾಟಗಳ ಬದಿಯಲ್ಲಿ ದೀರ್ಘಕಾಲ ನಿಂತಿವೆ. ಇಂಥ ಸಂಸ್ಥೆಗಳಿಗೆ ನಿಜವಾಗಿ ಒಪ್ಪುವ ಕೆಲಸ ಯಾವುದೆಂಬುದು 2006ರ ಅರಣ್ಯ ಹಕ್ಕು ಕಾಯ್ದೆಯು ಬಂದ ಮೇಲೆ ಸ್ಪಷ್ಟವಾಗಿದೆ. ಆ ಕಾಯ್ದೆಯ ಪ್ರಕಾರ ಹಕ್ಕಿನ ಅರ್ಜಿಯನ್ನು ಮೊದಲು ಪರಿಶೀಲಿಸತಕ್ಕದ್ದು ಗ್ರಾಮಸಭೆ. ಉಪವಿಭಾಗದ ಹಾಗೂ ಜಿಲ್ಲೆಯ ಸಮಿತಿಗಳು ಅನಂತರದವು. ಕಾಗದಪತ್ರವಿಲ್ಲದವನಿಗೆ ಹಿರಿಯರ ಹೇಳಿಕೆಯೂ, ಹಳೆಯ ಬಾವಿಯೂ, ಪೂರ್ವಿಕರ ಗೋರಿಯೂ, ದೈವದ ಸ್ಥಾನವೂ ಪುರಾವೆಯಾಗಬಲ್ಲುವು. ಅಷ್ಟೇ ಅಲ್ಲದೆ, ಆ ಕಾಡನ್ನೂ ಅದರ ಪ್ರಾಣಿಗಳನ್ನೂ ರಕ್ಷಿಸುವ ಅಧಿಕಾರವನ್ನು ಅದೇ ಗ್ರಾಮಸಭೆಗೆ ಕಾನೂನು ಕೊಟ್ಟಿದೆ. ನಕ್ಷೆ ಬರೆಯುವುದು, ಅರ್ಜಿ ತುಂಬುವುದು, ತಿರಸ್ಕಾರದ ಪತ್ರಕ್ಕೆ ಮೇಲ್ಮನವಿ ಸಿದ್ಧಪಡಿಸುವುದು—ಈ ಶ್ರಮದಲ್ಲಿ ಸಂಸ್ಥೆಗಳು ನೆರವಾಗಲಿ; ನಿರ್ಣಯವು ಹಾಡಿಯದೇ ಆಗಿರಲಿ. ಹಾಡಿಯ ಪರವಾಗಿ ತಾನೇ ಮಾತನಾಡತೊಡಗಿದ ಸಂಸ್ಥೆಯು, ಅದರ ಉದ್ದೇಶವೆಷ್ಟೇ ಶುದ್ಧವಾಗಿರಲಿ, ಯಜಮಾನನ ಪೀಠವನ್ನು ಕಸಿದಂತೆಯೇ ಸರಿ.

ಸಮುದಾಯವೇ ಕಾಡನ್ನು ಕಾಯುವುದು ಕೊಡಗಿಗೆ ಹೊಸದಲ್ಲ. ಈ ಪುಟ್ಟ ಜಿಲ್ಲೆಯಲ್ಲಿ 1,214 ದೇವಕಾಡುಗಳಿವೆ. ಕೆಲವೆಡೆ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆಯೊಪ್ಪಿಸುವ ಆ ವನಗಳನ್ನು ಊರಿನವರೇ ಕಾಯುತ್ತ ಬಂದಿದ್ದಾರೆ, ಮತ್ತು ಅದನ್ನು ಲೋಕವೆಲ್ಲ ಪ್ರಶಂಸಿಸಿದೆ. ಆ ದೇವಕಾಡುಗಳೂ 1905ರಲ್ಲಿದ್ದ 6,277 ಹೆಕ್ಟೇರುಗಳಿಂದ ಸುಮಾರು 2,550 ಹೆಕ್ಟೇರುಗಳಿಗೆ ಕುಗ್ಗಿರುವುದು ವ್ಯಥೆಯ ವಿಷಯ. ಆದಾಗ್ಯೂ, ಊರವರ ದೇವಕಾಡಿಗೆ ಸಲ್ಲುವ ಗೌರವವು ಜೇನುಕುರುಬರ ದೈವಸ್ಥಾನಕ್ಕೆ ಏಕೆ ಸಲ್ಲಬಾರದು? ಇದಕ್ಕೆ ನ್ಯಾಯಸಮ್ಮತವಾದ ಉತ್ತರವೊಂದು ನನಗಂತೂ ತೋರುವುದಿಲ್ಲ.

ನೆರೆಯ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನಬೆಟ್ಟದಲ್ಲಿ 2011ರಲ್ಲಿ ಸೋಲಿಗರಿಗೆ ಸಮುದಾಯದ ಅರಣ್ಯ ಹಕ್ಕುಗಳು ದೊರೆತುವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹೀಗಾದುದು ದೇಶದಲ್ಲಿಯೇ ಮೊದಲು. ನಾಗರಹೊಳೆಯ ಅನೇಕ ಹಾಡಿಗಳು ಆ ದಿನಕ್ಕಾಗಿ ಇನ್ನೂ ಕಾಯುತ್ತಿವೆ. ನಾಲ್ಕು ದಶಕಗಳ ಹಿಂದೆ ಹೊರಹಾಕಲ್ಪಟ್ಟ ಕರಡಿಕಲ್ಲು ಅತ್ತೂರುಕೊಲ್ಲಿಯ 52 ಜೇನುಕುರುಬ ಕುಟುಂಬಗಳು, ಹಕ್ಕಿನ ಅರ್ಜಿಗಳು ಇತ್ಯರ್ಥವಾಗದೆ ಉಳಿದುದನ್ನು ಕಂಡು, 2025ರ ಮೇ ತಿಂಗಳಲ್ಲಿ ತಾವಾಗಿಯೇ ಕಾಡನ್ನು ಪ್ರವೇಶಿಸಿ ಪೂರ್ವಿಕರ ನೆಲದಲ್ಲಿ ಗುಡಿಸಲು ಕಟ್ಟತೊಡಗಿದವು. ಶಾಲೆ, ರಸ್ತೆ, ವ್ಯವಸಾಯದ ಭೂಮಿಗಳನ್ನು ಬಯಸಿ ಇಷ್ಟಪಟ್ಟು ಹೊರಗೆ ಹೋದ ಕುಟುಂಬಗಳೂ ಇವೆ. ಅವರ ಆಯ್ಕೆಯೂ ಗೌರವಾರ್ಹವೇ. ಕಾಡಿನಲ್ಲಿಯೇ ಉಳಿಯುವೆವೆಂಬ ಆಯ್ಕೆಗೂ ಅಷ್ಟೇ ಬೆಲೆ ಸಲ್ಲತಕ್ಕದ್ದು.

ನಾಣಚ್ಚಿಯ ದ್ವಾರದಿಂದ ಜೀಪನ್ನೇರಿ ಹುಲಿ ನೋಡಲು ಹೊರಡುವ ವಾಚಕರಲ್ಲಿ, ವನ್ಯಜೀವಿಗಳ ಹೆಸರಿನಲ್ಲಿ ಯಾವುದಾದರೊಂದು ಸಂಸ್ಥೆಗೆ ದಾನ ಕೊಡುವ ಸಜ್ಜನರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಹಣವನ್ನು ಕೊಡುವ ಮೊದಲು, ಆ ಸಂಸ್ಥೆಯ ಕಾರ್ಯಕ್ಕೆ ಅಲ್ಲಿನ ಹಾಡಿಯ ಗ್ರಾಮಸಭೆಯು ಸಮ್ಮತಿಯಿತ್ತಿದೆಯೇ ಎಂದು ಕೇಳಿರಿ, ಸ್ಪಷ್ಟವಾದ ಉತ್ತರವು ಬಾರದಿದ್ದಲ್ಲಿ ಆ ಹಣವನ್ನು ಕೊಡಬೇಡಿರಿ.